ಹಡಗಿನ ಹೊತ್ತು, ದಡದ ಹೊತ್ತು

ಅಕ್ಕನ ಹಡಗು ಹೆಸರಿಗಷ್ಟೇ ಹಡಗು, ನೋಡಿದರೆ ಒಂದು ಪಟ್ಟಣ. ಮೂರು ಸಾವಿರ ಪ್ರವಾಸಿಗರು, ಈಜುಕೊಳ, ನಾಟಕದ ಸಭಾಂಗಣ, ಆಭರಣದ ಅಂಗಡಿ, ಏನುಂಟು ಏನಿಲ್ಲ. ಅಲ್ಲಿ ಅವಳದು ಕೋಣೆಗಳನ್ನು ಓರಣ ಮಾಡುವ ಕೆಲಸ. ತಂಗಿಯದು ಪುಟ್ಟ ಹಡಗು. ಇಪ್ಪತ್ತೇ ಕೋಣೆ, ದಡದ ಗುಂಟ ಊರಿಂದೂರಿಗೆ ಹೋಗುವಂಥದ್ದು. ಅದರ ಅಡುಗೆಮನೆಯಲ್ಲಿ ತಂಗಿ ಸೀನಿದರೆ ಮೇಲಿನಿಂದ ಕ್ಯಾಪ್ಟನ್ನೇ ಹುಷಾರಾಗಿದ್ದೀಯ ಎಂದು ಕೇಳುತ್ತಾನಂತೆ. ತನ್ನ ಕ್ಯಾಪ್ಟನ್ನಿನ ಮುಖವನ್ನು ಅಕ್ಕ ನೋಡಿರುವುದು ಲಿಫ್ಟಿನ ಪಕ್ಕ ತೂಗುಹಾಕಿದ ಪಟದಲ್ಲಿ ಮಾತ್ರ.

ಇಬ್ಬರೂ ನೀರಿನ ಮೇಲಿದ್ದಾಗಲೇ ಅಮ್ಮ ತೀರಿಕೊಂಡಳು. ಸುದ್ದಿ ಬಂದಾಗ ಅಕ್ಕನ ಸುತ್ತ ಯಾವ ದಿಕ್ಕಿಗೂ ದಡವಿರಲಿಲ್ಲ. "ನೀವು ಬರೋವರೆಗೂ ಇಟ್ಕೊಳ್ಳೋಕಾಗಲ್ಲ ಕಣಮ್ಮ" ಎಂದ ಸೋದರಮಾವ. ಅವನು ಹೇಳಿದ್ದು ಸರಿಯೇ. ಹಡಗು ತಿರುಗಿಸಿ ಎನ್ನುವುದಕ್ಕೆ ಅವಳೇನು ಹಡಗಿನ ಯಜಮಾನನ ಮಗಳೇ? ಆ ದಿನವೂ ತನ್ನ ಪಾಲಿನ ಕೋಣೆಗಳ ಹಾಸಿಗೆ ಬದಲಿಸಿದಳು, ಎದುರು ಸಿಕ್ಕವರಿಗೆಲ್ಲ ನಗುತ್ತ ನಮಸ್ಕಾರ ಹೇಳಿದಳು. ಸಂಬಳ ಕೊಡುವುದು ಆ ನಗುವಿಗೂ ಸೇರಿಸಿಯೇ.

ತಂಗಿ ಫೋನಿನಲ್ಲಿ ಬಿಕ್ಕತೊಡಗಿದಾಗ ಅಕ್ಕನೇ ತಡೆದಳು.

"ಈಗ ಬೇಡ ಕಣೇ. ಅಲ್ಲಿ ನೀನೊಬ್ಬಳೇ, ಇಲ್ಲಿ ನಾನೊಬ್ಬಳೇ ಅತ್ತರೆ ಅದು ಅಮ್ಮನಿಗೋಸ್ಕರ ಅತ್ತ ಹಾಗಾಗುತ್ತಾ? ಸಿಕ್ಕಾಗ ಇಬ್ಬರೂ ಜೊತೇಲಿ ಕೂತು ಅಳೋಣ. ಅಲ್ಲಿವರೆಗೆ ತಡ್ಕೋ."

"ನಿನಗಾಗುತ್ತೆ ಅಕ್ಕ. ನನಗಾಗಲ್ಲ."

"ಆಗುತ್ತೆ. ನಾನು ಹೇಳ್ತಿದೀನಲ್ಲ."

ಅಕ್ಕ ಹೇಳಿದ ಮೇಲೆ ಮುಗಿಯಿತು. ಆ ಮನೆಯಲ್ಲಿ ಅಮ್ಮನ ಮಾತನ್ನಾದರೂ ಮೀರಬಹುದಿತ್ತು, ಅಕ್ಕನ ಮಾತನ್ನಲ್ಲ. ಆದರೆ ಹೇಳುವುದು ಸುಲಭ. ಅಕ್ಕ ಮಲಗುವ ಗೂಡಿನಲ್ಲಿ ಮೇಲಿನ ಹಾಸಿಗೆ ಇನ್ನೊಬ್ಬಳದು, ಅವಳ ಪಾಳಿ ಬೇರೆ, ನಿದ್ದೆಯ ಹೊತ್ತು ಬೇರೆ. ಅಳು ಬಂದಾಗಲೆಲ್ಲ ಅಕ್ಕ ತುಟಿ ಕಚ್ಚಿ ಗೋಡೆಯ ಕಡೆ ಹೊರಳುತ್ತಿದ್ದಳು. ತಂಗಿಗೆ ಕೊಟ್ಟ ಮಾತು, ತಾನೇ ಮುರಿದರೆ ಹೇಗೆ?

ಎರಡು ತಿಂಗಳ ಮೇಲೆ ಎರಡೂ ಹಡಗುಗಳು ಒಂದೇ ದಿನ ಒಂದೇ ಬಂದರಿಗೆ ಬರುತ್ತವೆಂದು ಗೊತ್ತಾಯಿತು. ಬಂದರಿನ ಗೇಟಿನೆದುರಿನ ಚಹಾದಂಗಡಿ ಇಬ್ಬರಿಗೂ ಗೊತ್ತಿದ್ದದ್ದೇ. "ಹನ್ನೆರಡಕ್ಕೆ ಬಾ. ಒಂದಕ್ಕೆ ನಮ್ಮ ಹಡಗು ಹೊರಡುತ್ತೆ" ಎಂದು ತಂಗಿಯ ಸಂದೇಶ ಬಂತು. "ಬಂದೇ ಬರ್ತೀನಿ" ಎಂದಳು ಅಕ್ಕ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮೇಲ್ವಿಚಾರಕಿಯ ಕೈಕಾಲು ಹಿಡಿದು, ಜೊತೆಯವಳ ಬಚ್ಚಲುಗಳನ್ನೆಲ್ಲ ತಾನೇ ಉಜ್ಜುತ್ತೇನೆಂದು ಒಪ್ಪಿಕೊಂಡು, ಅಂತೂ ಸ್ವಲ್ಪ ಹೊತ್ತು ಬಿಡುವು ಗಿಟ್ಟಿಸಿದಳು. ಹಿಂದಿನ ಸಂಜೆ ಎಂದಿನಂತೆ ಕೋಣೆ ಕೋಣೆಗೂ ಹೋಗಿ, ದಿಂಬಿನ ಮೇಲೆ ಚಾಕೊಲೇಟನ್ನೂ ಮರುದಿನದ ಸೂಚನೆಯ ಚೀಟಿಯನ್ನೂ ಇಟ್ಟು ಬಂದಳು. ಮನಸ್ಸೆಲ್ಲ ಚಹಾದಂಗಡಿಯಲ್ಲಿತ್ತು.

ಮರುದಿನ ಅಂಗಡಿ ಮುಟ್ಟಿದಾಗ ಅವಳ ಕೈಗಡಿಯಾರದಲ್ಲಿ ಹನ್ನೆರಡಕ್ಕೆ ಇನ್ನೂ ಐದು ನಿಮಿಷವಿತ್ತು. ಬೇಗ ಬಂದೆನೆಂದು ಖುಷಿಯಾಯಿತು. ಮೂಲೆಯ ಮೇಜು ಹಿಡಿದು ಎರಡು ಚಹಾ ಹೇಳಿದಳು.

ಅಂಗಡಿಯ ಹೆಂಗಸು ಅವಳನ್ನೇ ನೋಡಿದಳು. "ನಿಮ್ಮ ತಂಗೀನಾ, ಸಣ್ಣ ಹಡಗಿನವಳು? ಆಗಲೇ ಎದ್ದು ಹೋದಳಲ್ಲ. ತುಂಬಾ ಹೊತ್ತು ಕಾದಳು, ಪಾಪ."

"ಹನ್ನೆರಡಕ್ಕೆ ಅಂತ ಹೇಳಿದ್ಳು."

"ಹನ್ನೆರಡಾಗಿ ಯಾವ ಕಾಲವಾಯ್ತು" ಎಂದು ಹೆಂಗಸು ಗೋಡೆಯತ್ತ ಕೈ ತೋರಿಸಿದಳು. ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಐದು ನಿಮಿಷವಿತ್ತು.

ಆಗ ಅವಳಿಗೆ ಚೀಟಿ ನೆನಪಾಯಿತು. ಆ ಬಂದರಿನ ಹೊತ್ತು ಹಡಗಿನ ಹೊತ್ತಿಗಿಂತ ಒಂದು ಗಂಟೆ ಮುಂದು. ಒಂದು ದಿನದ ಮಟ್ಟಿಗೆ ಯಾಕೆಂದು ದೊಡ್ಡ ಹಡಗಿನವರು ಗಡಿಯಾರ ಬದಲಿಸುವುದಿಲ್ಲ. ದಡಕ್ಕೆ ಅಂಟಿಕೊಂಡೇ ಓಡಾಡುವ ಪುಟ್ಟ ಹಡಗು ದಡದ ಹೊತ್ತನ್ನೇ ಪಾಲಿಸುತ್ತದೆ. "ನಾಳೆ ದಡದ ಸಮಯ ಬೇರೆ, ನೀವು ಹಡಗಿನ ಸಮಯದಂತೆಯೇ ನಡೆಯಿರಿ" ಎಂದು ಅಚ್ಚು ಹಾಕಿದ್ದ ಚೀಟಿಯನ್ನು ತನ್ನ ಕೈಯಾರೆ ಪ್ರತಿ ದಿಂಬಿನ ಮೇಲೂ ಇಟ್ಟವಳು ಅವಳೇ. ಊರಿಗೆಲ್ಲ ಎಚ್ಚರ ಹೇಳಿದವಳಿಗೆ ತನ್ನ ತಂಗಿಯ ಹನ್ನೆರಡು ಯಾವ ಹನ್ನೆರಡು ಎಂದು ಕೇಳಲು ಹೊಳೆಯಲಿಲ್ಲ.

ಓಡಿದಳು. ಸಣ್ಣ ಹಡಗುಗಳ ಕಟ್ಟೆ ಬಂದರಿನ ಇನ್ನೊಂದು ತುದಿಯಲ್ಲಿತ್ತು. ಅವಳು ಮುಟ್ಟುವಷ್ಟರಲ್ಲಿ ಹಗ್ಗ ಬಿಚ್ಚಿ ಆಗಿತ್ತು, ಹಡಗಿಗೂ ಕಟ್ಟೆಗೂ ನಡುವೆ ನೀರು ಅಗಲವಾಗುತ್ತಿತ್ತು. ತಂಗಿಯ ಹೆಸರು ಹಿಡಿದು ಕೂಗಿದಳು. ತಂಗಿ ಅಷ್ಟರಲ್ಲಿ ಕೆಳಗಿನ ಅಡುಗೆಮನೆಯಲ್ಲಿ ಒಲೆಯ ಮುಂದಿರಬೇಕು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮತ್ತೆ ಅಂಗಡಿಗೆ ಬಂದು, ಚೀಲದಲ್ಲಿ ಆರಿಸಿಟ್ಟಿದ್ದ ಫೋನನ್ನು ಹಚ್ಚಿ, ಅಲ್ಲಿನ ಪುಕ್ಕಟೆ ಇಂಟರ್ನೆಟ್ಟಿಗೆ ಸೇರಿಸಿದಳು. ತಂಗಿ ಈ ಅಂಗಡಿಯಲ್ಲೇ ಕೂತು ಮಾತಾಡಿ ಕಳಿಸಿದ್ದ ಧ್ವನಿಸಂದೇಶ ಬಂತು.

"ಅಕ್ಕ, ನಿನ್ನ ಹಡಗು ಇಲ್ಲಿಂದ ಕಾಣ್ತಿದೆ. ರಜೆ ಸಿಗಲಿಲ್ಲ ಅನ್ಸುತ್ತೆ, ಇರಲಿ ಬಿಡು. ಇಷ್ಟು ದಿನ ತಡ್ಕೊಂಡಿದ್ದೆ ಅಕ್ಕ, ನಿಜವಾಗ್ಲೂ. ಇವತ್ತು ಇಲ್ಲಿ ಕೂತ ಮೇಲೆ ಆಗಲಿಲ್ಲ. ಅತ್ತುಬಿಟ್ಟೆ. ನಿನ್ನ ಪಾಲಿನದ್ದೂ ನಾನೇ ಅತ್ತುಬಿಟ್ಟೆ. ಬೈಬೇಡ."

ಎರಡೂ ಚಹಾ ಹಾಗೇ ಆರಿಹೋದವು. ಕಣ್ಣಿಗೆ ನೀರು ಬರುತ್ತದೇನೋ ಎಂದು ಅಕ್ಕ ಕಾದಳು. ಬರಲಿಲ್ಲ. ಚಹಾದ ದುಡ್ಡು ಮೇಜಿನ ಮೇಲಿಟ್ಟು ಹಡಗಿಗೆ ಹಿಂತಿರುಗಿದಳು.

ಸಂಜೆಯ ಪಾಳಿಯಲ್ಲಿ, ಊಟಕ್ಕೆ ಹೊರಟಿದ್ದ ಮುದುಕರೊಬ್ಬರು ಬಾಗಿಲಲ್ಲಿ ನಿಂತರು. "ನಿನ್ನ ಚೀಟಿಯಿಂದ ಬಚಾವಾದ್ವಿ ನೋಡಮ್ಮ. ನಮ್ಮ ಮನೆಯವಳು ಗಡಿಯಾರ ತಿರುಗಿಸೋಕೆ ಹೊರಟಿದ್ಳು. ಗಡಿಬಿಡಿ ಆಗ್ತಿತ್ತು."

"ಸಂತೋಷ ಸಾರ್" ಎಂದು ನಕ್ಕಳು. ಅವರು ಹೋದ ಮೇಲೆ ಹಾಸಿಗೆ ಸರಿಮಾಡಿ, ಚಾಕೊಲೇಟ್ ಇಟ್ಟು, ಹೊಸ ಚೀಟಿಗಳ ಕಟ್ಟಿನಿಂದ ಒಂದನ್ನು ಎಳೆದಳು. ಹಡಗು ಆಗಲೇ ಪಶ್ಚಿಮಕ್ಕೆ ಮುಖ ಮಾಡಿತ್ತು. ಎಂದೂ ಗಮನವಿಟ್ಟು ಓದದವಳು ಇವತ್ತು ಓದಿದಳು.

"ಇಂದು ರಾತ್ರಿ ನಿಮ್ಮ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ. ನಿಮಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ."

ಪ್ರವಾಸಿಗರ ಹಾಸಿಗೆಯ ಮೇಲೆ ಕೂರಬಾರದೆಂಬುದು ಅಲ್ಲಿಯ ಮೊದಲ ಕಟ್ಟಳೆ. ಅವಳು ಕೂತಳು. ದಿಂಬನ್ನು ಬಾಯಿಗೆ ಒತ್ತಿಕೊಂಡು, ಅಮ್ಮನಿಗಾಗಿ, ತಂಗಿಗಾಗಿ, ಒಬ್ಬಳೇ ಅತ್ತಳು. ಆಮೇಲೆ ಒದ್ದೆಯಾದ ದಿಂಬಿನ ಚೀಲ ಬದಲಿಸಿ, ಚೀಟಿಯನ್ನು ಅದರ ಮೇಲಿಟ್ಟು, ಮುಂದಿನ ಕೋಣೆಯ ಬಾಗಿಲು ತಟ್ಟಿದಳು.