ಬಿಸಿನೀರಿನ ಮೂಲೆ

ಜನವರಿ ಹತ್ತು, ಶನಿವಾರ, ಬೆಳಿಗ್ಗೆ ಆರು ಐವತ್ತು. ಕುವೈತಿನ ಉತ್ತರದ ಅಬ್ದಲಿ ಎಂಬ ಊರಿನ ತೋಟದ ಕೆರೆಯಲ್ಲಿದ್ದ ಸೀಬಾಸ್ ಮೀನುಗಳು ಸತ್ತು ತೇಲುತ್ತಿದ್ದವು.

ಮೊದಲು ನೋಡಿದವನು ಅನ್ಸಾಫ್. ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಮ, ಐವತ್ತೊಂದು ವರ್ಷದ ಮನುಷ್ಯ. ಹನ್ನೊಂದು ವರ್ಷಗಳಿಂದ ಈ ತೋಟದ ಕಾವಲು, ನೀರು, ಪಂಪು ಎಲ್ಲ ಅವನ ಕೈಯಲ್ಲೇ ಇತ್ತು. ಮಾಲೀಕ ಅಬು ನಾಸರ್ 'ಸರೋವರ' ಎಂದು ಕರೆಯುತ್ತಿದ್ದರೂ ಅದು ನಲವತ್ತು ಮೀಟರ್ ಉದ್ದ, ಇಪ್ಪತ್ತೈದು ಮೀಟರ್ ಅಗಲದ ಒಂದು ಹೊಂಡ. ಮರಳು ಅಗೆದು, ಕಪ್ಪು ಪ್ಲಾಸ್ಟಿಕ್ ಹಾಸಿ, ಕೊಳವೆಬಾವಿಯ ಸವಳು ನೀರು ತುಂಬಿಸಿದ್ದರು. ಮೂರು ವರ್ಷದ ಹಿಂದೆ ಅಬು ನಾಸರ್ ಅದರಲ್ಲಿ ಸೀಬಾಸ್ ಮರಿ ಬಿಡಿಸಿದ್ದ. ಈಗ ಒಂದೊಂದೂ ಎರಡು ಮೂರು ಕಿಲೊ ತೂಗುತ್ತಿತ್ತು.

ಸೀಬಾಸ್ ಬೆಚ್ಚನೆಯ ನೀರಿನ ಮೀನು. ಮೊದಲ ಚಳಿಗಾಲದ ಒಂದೇ ವಾರದಲ್ಲಿ ಅರವತ್ತು ಸತ್ತಾಗ ಅನ್ಸಾಫ್ ಇದನ್ನು ಕಲಿತ. ಕೊಳವೆಬಾವಿಯ ನೀರು ಬೇಸಿಗೆಯಲ್ಲೂ ಚಳಿಯಲ್ಲೂ ಇಪ್ಪತ್ತೆಂಟು ಡಿಗ್ರಿ ಇರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪಂಪ್ ನಿಲ್ಲಿಸದಿದ್ದರೆ ಪೈಪು ಬೀಳುವ ಮೂಲೆಯಾದರೂ ಬೆಚ್ಚಗಿರುತ್ತದೆ. ಮೀನುಗಳು ಅಲ್ಲಿಗೆ ಬಂದು ಸೇರಿ ಬದುಕುತ್ತವೆ. ಅವನು ಒಂದು ಥರ್ಮಾಮೀಟರ್‌ಗೆ ದಾರ ಕಟ್ಟಿ ದಿನಕ್ಕೆರಡು ಸಲ ಇಳಿಸುತ್ತಿದ್ದ. ಶುಕ್ರವಾರ ಬೆಳಿಗ್ಗೆ ಮೂಲೆಯಲ್ಲಿ ಇಪ್ಪತ್ತಮೂರು ಡಿಗ್ರಿ, ಉಳಿದ ಕಡೆ ಹದಿನಾರು ಇತ್ತು.

ಆ ಶುಕ್ರವಾರ ಎಂಟು ಗಂಟೆಗೆ ಸಿಲ್ವೆಸ್ಟರ್ ಬಂದ. ಕುವೈತ್ ನಗರದ ಶರ್ಕ್‌ನಲ್ಲಿರುವ ಅಬು ನಾಸರ್‌ನ ಕಚೇರಿಯಲ್ಲಿ ಅವನು ಆಡಳಿತದ ಮ್ಯಾನೇಜರ್. ಮಂಗಳೂರಿನವನು, ನೇತ್ರಾವತಿಯ ದಡದಲ್ಲಿ ಗಾಳ ಹಾಕಿ ಬೆಳೆದವನು. ಜೊತೆಗೆ ಮಗ ಗ್ಲೆನ್ ಇದ್ದ. ಇಪ್ಪತ್ತನಾಲ್ಕು ವರ್ಷದ ಗ್ಲೆನ್ ಹುಟ್ಟಿದ್ದು ಕುವೈತಿನಲ್ಲೇ. ಕನ್ನಡ ತಿಳಿಯುತ್ತಿತ್ತು, ಮಾತು ಮಾತ್ರ ಇಂಗ್ಲಿಷಿನಲ್ಲಿ. ಮಗ ಫೋಟೊ ತೆಗೆಯಬೇಕು, ತಂದೆ ಮೀನು ಹಿಡಿಯಬೇಕು, ಎಂದು ಬಂದಿದ್ದರು.

ಅನ್ಸಾಫ್ ಊರಿನಲ್ಲಾಗಿದ್ದರೆ ಸಿಲ್ವೆಸ್ಟರನನ್ನು, ಕ್ರೈಸ್ತರನ್ನು ಗೌರವದಿಂದ ಕರೆಯುವಂತೆ, 'ಪೊರ್ಬುಗಳೇ' ಎನ್ನುತ್ತಿದ್ದ. ಇಲ್ಲಿ 'ಸರ್' ಎನ್ನುತ್ತಿದ್ದ. ಆ ದಿನ ಅವನಿಗೆ ಸಿಲ್ವೆಸ್ಟರನಿಂದ ಒಂದು ಕೆಲಸ ಆಗಬೇಕಿತ್ತು. ಮಗಳು ಜುಮಾನಾಳ ನಿಕಾಹ್ ಜನವರಿ ಹದಿನೆಂಟಕ್ಕೆ. ಹದಿನಾಲ್ಕರ ವಿಮಾನಕ್ಕೆ ಟಿಕೆಟ್ ಆಗಿತ್ತು. ದೇಶ ಬಿಡಲು ಎಕ್ಸಿಟ್ ಪರ್ಮಿಟ್ ಬೇಕು. ಡಿಸೆಂಬರ್ ಇಪ್ಪತ್ತೆಂಟರಂದೇ ಅರ್ಜಿ ಹಾಕಿದ್ದ. ಅದನ್ನು ಒಪ್ಪುವ ಅಧಿಕಾರ ಕಂಪನಿಯ ಪರವಾಗಿ ಸಿಲ್ವೆಸ್ಟರನಿಗಿತ್ತು. ಅವನು ತನ್ನ ಫೋನಿನಲ್ಲಿ ಒಂದು ಕಡೆ ಒತ್ತಿದರೆ ಸಾಕಿತ್ತು. ಹನ್ನೆರಡು ದಿನವಾದರೂ ಒತ್ತಿರಲಿಲ್ಲ.

ದಡದ ಒಂದು ಬದಿಯಲ್ಲಿ ಕೂರಲು ಹಲಗೆಯ ಕಟ್ಟೆ ಇತ್ತು. ಸಿಲ್ವೆಸ್ಟರ್ ಅಲ್ಲಿ ಕುರ್ಚಿ ಹಾಕಿ ಎರಡು ಗಂಟೆ ಗಾಳ ಎಸೆದ. ಚಳಿಯಲ್ಲಿ ಮೀನು ಮಂದವಾಗಿರುತ್ತದೆ, ಗಾಳವನ್ನು ತಳದಲ್ಲಿ ನಿಧಾನವಾಗಿ ಎಳೆಯಬೇಕು, ಎಂದು ಮಗನಿಗೆ ವಿವರಿಸಿದ. ಹಾಗೆಯೇ ಎಳೆದ. ಸಿಗಡಿ ಸಿಕ್ಕಿಸಿಯೂ ನೋಡಿದ. ಒಂದೂ ಕಚ್ಚಲಿಲ್ಲ.

"ಎಂತ ಬ್ಯಾರಿ, ನಿನ್ನ ಮೀನುಗಳೆಲ್ಲ ಜುಮ್ಮಾ ನಮಾಜಿಗೆ ಹೋಗಿದಾವಾ?"

"ಅಲ್ಲುಂಟು ಸರ್, ಪೈಪಿನ ಮೂಲೆಯಲ್ಲಿ. ಚಳಿ ಅಲ್ವಾ, ಅಲ್ಲಿಂದ ಕದಲುದಿಲ್ಲ."

ಸಿಲ್ವೆಸ್ಟರ್ ಮೂಲೆಗೆ ಹೋಗಿ ಬಗ್ಗಿ ನೋಡಿದ. ಮೀನುಗಳು ಬೆಳಗಿನ ಸಿಟಿ ಬಸ್ಸಿನ ಜನರಂತೆ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಅಲ್ಲಿಯೇ ಗಾಳ ಬಿಟ್ಟ. ದಾರ ಪೈಪಿನ ಕಬ್ಬಿಣಕ್ಕೆ ಸುತ್ತಿಕೊಂಡು ಎರಡು ಸಲ ಕಡಿಯಿತು. ಮೂರನೆಯ ಸಲ ಗಾಳ ಒಂದು ಮೀನಿನ ಹೊಟ್ಟೆಗೆ ಚುಚ್ಚಿಕೊಂಡು ಬಂತು. ಅದನ್ನು ಕಿತ್ತು, ಮೀನನ್ನು ಕಾಲಿನಿಂದ ನೀರಿಗೆ ತಳ್ಳಿದ.

"ಬಾಯಿಗೆ ಕಚ್ಚಬೇಕು. ಹೊಟ್ಟೆಗೆ ಸಿಕ್ಕಿದ್ದು ಲೆಕ್ಕಕ್ಕಿಲ್ಲ," ಎಂದು ಮಗನಿಗೆ ಹೇಳಿದ. ಆಮೇಲೆ ಅನ್ಸಾಫ್‌ನ ಕಡೆ ತಿರುಗಿದ. "ಪಂಪ್ ಬಂದ್ ಮಾಡು."

"ಆಗುದಿಲ್ಲ ಸರ್. ನೀರು ತಣ್ಣಗಾದ್ರೆ ಸಾಯ್ತಾವೆ."

"ಮೀನು ನೀರಲ್ಲಿ ಶೀತ ಆಗಿ ಸಾಯ್ತದಾ? ಇದು ಯಾವ ಮದ್ರಸದಲ್ಲಿ ಕಲಿತದ್ದು ಮಾರಾಯ?"

"ಇಲ್ಲಿಯೇ ಕಲಿತದ್ದು ಸರ್. ಮೊದಲನೇ ವರ್ಷ ಅರವತ್ತು ಹೋಗಿತ್ತು."

"ನಾನು ಹುಟ್ಟಿದ್ದೇ ಹೊಳೆಬದಿಯಲ್ಲಿ. ಮೀನಿಗೆ ಬಿಸಿನೀರು ಕಾಯಿಸಿದವರನ್ನು ಈಗ ನೋಡಿದ್ದು. ಒಂದೊಂದು ಸ್ವೆಟರ್ ಸಹ ಹೆಣೆದು ಹಾಕು." ಗ್ಲೆನ್ ನಕ್ಕ.

ನೇತ್ರಾವತಿಯ ನೀರು ಯಾವ ಜನವರಿಯಲ್ಲೂ ಮೀನು ಸಾಯುವಷ್ಟು ತಣ್ಣಗಾಗುವುದಿಲ್ಲ. ಸಿಲ್ವೆಸ್ಟರನಿಗೆ ಗೊತ್ತಿದ್ದ ನೀರು ಅದೊಂದೇ. ಅವನು ಜೇಬಿನಿಂದ ಫೋನ್ ತೆಗೆದು, ಅರ್ಜಿ ಇರುವ ಪುಟ ತೆರೆದು, ಅನ್ಸಾಫ್‌ಗೆ ಕಾಣುವಂತೆ ಹಿಡಿದ.

"ಇದು ನಿನ್ನದೇ ಅಲ್ವಾ?"

"ಹೌದು ಸರ್. ಹದಿನಾಲ್ಕಕ್ಕೆ ಹೊರಡ್ಲಿಕ್ಕುಂಟು. ನಿಮಗೆ ಗೊತ್ತುಂಟಲ್ಲ, ಮಗಳ ನಿಕಾಹ್."

"ನೀನು ಹೋಗಿ ಎಂತ ಮಾಡ್ಲಿಕ್ಕುಂಟು? ಬಿರಿಯಾನಿ ಬೇಯಿಸ್ತೀಯಾ? ಈಗ ಎಲ್ಲ ವಿಡಿಯೊ ಕಾಲ್‌ನಲ್ಲಿ ಆಗ್ತದೆ."

"ಹುಡುಗನ ಕೈ ಹಿಡಿದು ಕೊಡ್ಲಿಕ್ಕುಂಟು ಸರ್. ತಂದೆಯೇ ಹಿಡಿಬೇಕು."

"ಹಾಗಾದ್ರೆ ಮೊದಲು ಇಲ್ಲಿ ಕೈ ಆಡಿಸು." ಸಿಲ್ವೆಸ್ಟರ್ ಪಂಪ್‌ಮನೆ ತೋರಿಸಿದ. "ನೀನು ಅದನ್ನು ಒತ್ತು, ನಾನು ಇದನ್ನು ಒತ್ತುತ್ತೇನೆ."

ಹತ್ತೂ ಇಪ್ಪತ್ತಕ್ಕೆ ಅನ್ಸಾಫ್ ಪಂಪ್ ನಿಲ್ಲಿಸಿದ.

ಒಂದು ಗಂಟೆಯ ಬಳಿಕ ಮೀನುಗಳು ಮೂಲೆ ಬಿಟ್ಟು ಚದುರಿದವು. ಮಧ್ಯಾಹ್ನ ಬಿಸಿಲು ಬಿದ್ದ ಕಟ್ಟೆಯ ಬದಿಗೆ ಕೆಲವು ಬಂದವು. ಮೂರು ಗಂಟೆಯೊಳಗೆ ಸಿಲ್ವೆಸ್ಟರ್ ಮೂರು ಹಿಡಿದ. ದೊಡ್ಡದನ್ನು ಎದೆಗೆ ಎತ್ತಿ ಹಿಡಿದು ನಿಂತ. ಗ್ಲೆನ್ ಹದಿನಾಲ್ಕು ಫೋಟೊ ತೆಗೆದ. ಮೀನು ಐಸ್ ಪೆಟ್ಟಿಗೆಗೆ ಹೋದ ಮೇಲೂ ಮುಚ್ಚಳ ಬಡಿಯುತ್ತಿತ್ತು. ಸಿಲ್ವೆಸ್ಟರ್ ಅದರ ಮೇಲೆ ಕುಳಿತು ಚಹಾ ಕುಡಿದ.

ನಾಲ್ಕೂವರೆಗೆ ಸಿಲ್ವೆಸ್ಟರ್ ಕಾರು ಹತ್ತುವಾಗ ಅನ್ಸಾಫ್ ಬಾಗಿಲ ಬಳಿ ನಿಂತ.

"ಸರ್, ಪರ್ಮಿಟ್."

"ನಾಳೆ. ಬೆಳಿಗ್ಗೆ ಅಬು ನಾಸರ್‌ನನ್ನು ಕರ್ಕೊಂಡು ಬರ್ತೇನೆ. ಅವನ ಕೈಯಲ್ಲೊಂದು ಮೀನು ಹಿಡಿಸಿ, ಅವನೆದುರೇ ಒತ್ತುತ್ತೇನೆ. ಅಷ್ಟರವರೆಗೆ ಪಂಪ್ ಮುಟ್ಟಬೇಡ. ಮತ್ತೆ ಮೂಲೆಗೆ ಓಡ್ತಾವೆ."

ಸಂಜೆ ಆರಕ್ಕೆ ವಾಯವ್ಯದ ಗಾಳಿ ಎದ್ದಿತು. ಮೂಲೆಯಲ್ಲೂ ನೀರು ಹದಿನಾರಕ್ಕೆ ಇಳಿದಿತ್ತು. ಅನ್ಸಾಫ್ ಎರಡು ಸಲ ಫೋನ್ ಮಾಡಿದ, ಸಿಲ್ವೆಸ್ಟರ್ ಎತ್ತಲಿಲ್ಲ. 'ಸರ್, ಈಗಲೇ ಹದಿನಾರು, ಬೆಳಿಗ್ಗೆಗೆ ಒಂದೂ ಉಳಿಯುದಿಲ್ಲ, ಪಂಪ್ ಹಾಕ್ಲಾ' ಎಂದು ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸಿದ. ಉತ್ತರವೂ ಧ್ವನಿಯಲ್ಲೇ ಬಂತು. ಹತ್ತೊಂಬತ್ತು ಸೆಕೆಂಡಿನದು.

"ಅನ್ಸಾಫ್, ನಿನ್ನ ಥರ್ಮಾಮೀಟರ್ ಪುರಾಣ ಸಾಕು. ಪಂಪ್ ಹಾಕ್ಬೇಡ ಅಂತ ಹೇಳಿದ್ದೇನೆ, ಹಾಕ್ಬೇಡ. ಬೆಳಿಗ್ಗೆ ಮೀನು ಮೂಲೆಯಲ್ಲಿ ಕಂಡ್ರೆ ನಿನ್ನ ಪರ್ಮಿಟ್ ಸಹ ಮೂಲೆಗೆ ಹೋಗ್ತದೆ. ಖಲಾಸ್."

ಅನ್ಸಾಫ್ ಅದನ್ನು ಮೂರು ಸಲ ಕೇಳಿದ. ಪಂಪ್‌ಮನೆಗೆ ಹೋದ, ಸ್ವಿಚ್ ಮುಟ್ಟದೆ ಮರಳಿದ. ಆ ರಾತ್ರಿ ಅಬ್ದಲಿಯಲ್ಲಿ ಉಷ್ಣಾಂಶ ಮೂರು ಡಿಗ್ರಿಗೆ ಇಳಿಯಿತು.

ಬೆಳಿಗ್ಗೆ ನೀರು ಹನ್ನೆರಡೂವರೆ ಡಿಗ್ರಿ ಇತ್ತು. ಕೆಲವು ಮೀನುಗಳ ಕಿವಿರು ಇನ್ನೂ ಅಲ್ಲಾಡುತ್ತಿತ್ತು. ಅನ್ಸಾಫ್ ಪಂಪ್ ಹಾಕಿದ. ಬಿಸಿನೀರು ಬಿದ್ದ ಕಡೆ ಸತ್ತ ಮೀನುಗಳು ಸುತ್ತು ಹಾಕತೊಡಗಿದವು, ಅಷ್ಟೆ. ಎಂಟು ಗಂಟೆಯ ಹೊತ್ತಿಗೆ ಕಿವಿರುಗಳೂ ನಿಂತಿದ್ದವು.

ಎಂಟೂ ಹತ್ತಕ್ಕೆ ಅಬು ನಾಸರ್‌ನ ಕಾರು ಬಂತು, ಹಿಂದೆ ಸಿಲ್ವೆಸ್ಟರನದು, ಅದರಲ್ಲಿ ಗ್ಲೆನ್ ಸಹ ಇದ್ದ. ಅಬು ನಾಸರ್ ಕೆರೆಯ ದಡದ ಸುತ್ತ ಒಮ್ಮೆ ನಡೆದ. ಆಮೇಲೆ ಅರಬಿಯಲ್ಲಿ ಕೇಳಿದ: "ರಾತ್ರಿ ಪಂಪ್ ನಿಲ್ಲಿಸಿದವರು ಯಾರು?"

"ನಾನು," ಎಂದ ಅನ್ಸಾಫ್. ತೋಟದ ಕೆಲಸಕ್ಕೆ ಬೇಕಾದಷ್ಟು ಅರಬಿ ಅವನಿಗೆ ಬರುತ್ತಿತ್ತು. "ಮುದೀರ್ ಹೇಳಿದರು."

ಮುದೀರ್ ಎಂದರೆ ಮ್ಯಾನೇಜರ್. ಅಬು ನಾಸರ್ ಸಿಲ್ವೆಸ್ಟರನನ್ನು ನೋಡಿದ. ಸಿಲ್ವೆಸ್ಟರ್ ಇಲ್ಲವೆಂದು ತಲೆ ಅಲ್ಲಾಡಿಸಿದ. ಆಗ ಅನ್ಸಾಫ್ ಫೋನ್ ತೆಗೆದು, ಸದ್ದು ಪೂರ್ತಿ ಏರಿಸಿ, ಹತ್ತೊಂಬತ್ತು ಸೆಕೆಂಡಿನ ಸಂದೇಶ ಹಾಕಿದ. ಸಿಲ್ವೆಸ್ಟರನ ದನಿ ಕೆರೆಯ ಮೇಲೆ ಸ್ಪಷ್ಟವಾಗಿ ಕೇಳಿತು. ಒಂದೆರಡು ಬಿಡಿ ಪದ ಮತ್ತು ಕೊನೆಯ 'ಖಲಾಸ್' ಬಿಟ್ಟರೆ ಅಬು ನಾಸರ್‌ಗೆ ಅದರಲ್ಲಿ ಏನೂ ತಿಳಿಯಲಿಲ್ಲ.

"ಏನು ಹೇಳಿದ್ದು ಇದರಲ್ಲಿ?" ಎಂದು ಅವನು ಸಿಲ್ವೆಸ್ಟರನನ್ನೇ ಕೇಳಿದ.

ಹದಿನೆಂಟು ವರ್ಷ ಕಚೇರಿಯ ಕಾಗದಪತ್ರ ನೋಡಿದ ಸಿಲ್ವೆಸ್ಟರನ ಅರಬಿ ಚೆನ್ನಾಗಿತ್ತು. "ರಾತ್ರಿ ಚಳಿ ಹೆಚ್ಚಿದೆ, ಪಂಪ್ ನಿಲ್ಲಿಸಬೇಡ, ಬೆಳಿಗ್ಗೆ ಅಬು ನಾಸರ್ ಬರುತ್ತಾರೆ ಎಂದು ಹೇಳಿದ್ದೇನೆ," ಎಂದ.

"ಲಾ! ಲಾ, ಬಾಬಾ!" ಅಲ್ಲವೆಂದು ಕೂಗಿ ಅನ್ಸಾಫ್ ಮತ್ತೆ ಸಂದೇಶ ಹಾಕಿದ. ಅದೇ ಹತ್ತೊಂಬತ್ತು ಸೆಕೆಂಡು.

ಕಾರಿಗೆ ಒರಗಿ ನಿಂತಿದ್ದ ಗ್ಲೆನ್‌ನ ಕಡೆ ಅಬು ನಾಸರ್ ತಿರುಗಿದ. ಇಂಗ್ಲಿಷಿನಲ್ಲಿ ಕೇಳಿದ: "ನಿನಗೆ ಈ ಭಾಷೆ ತಿಳಿಯುತ್ತದೆ. ನಿನ್ನ ತಂದೆ ಹೇಳಿದ್ದು ನಿಜವೇ?"

"ಗ್ಲೆನ್ ಬಾಬಾ," ಎಂದ ಅನ್ಸಾಫ್, "ನೀವು ಇಲ್ಲಿಯೇ ಇದ್ದಿರಲ್ಲ. ಒಂದು ಮಾತು ಹೇಳಿ."

ಗ್ಲೆನ್ ತಂದೆಯನ್ನು ನೋಡಿದ. "ಯೆಸ್, ಸರ್. ಇಟ್ಸ್ ಟ್ರೂ," ಎಂದ.

ಅಬು ನಾಸರ್ ಮತ್ತೇನೂ ಕೇಳಲಿಲ್ಲ. ಇವನ ಕೆಲಸ ಮುಗಿಯಿತು; ಕೆರೆ ಖಾಲಿ ಮಾಡಿ, ತೊಳೆದು, ಆಮೇಲೆ ಊರಿಗೆ ಹೋಗಲಿ; ಟಿಕೆಟ್ ಸಿಲ್ವೆಸ್ಟರ್ ನೋಡಿಕೊಳ್ಳಲಿ. ಇಷ್ಟು ಹೇಳಿ ಹೊರಟುಹೋದ.

ಧೂಳು ಅಡಗಿದ ಮೇಲೆ ಅನ್ಸಾಫ್ ಕೇಳಿದ: "ಪೊರ್ಬುಗಳೇ, ಹದಿನಾಲ್ಕಕ್ಕಾದ್ರೂ ಕಳಿಸಿ. ಟಿಕೆಟ್ ನನ್ನದೇ ಉಂಟು. ಕೆಲಸ ಹೋದ್ರೆ ಹೋಗ್ಲಿ."

"ಕೆರೆ ಯಾರು ತೊಳಿಲಿಕ್ಕೆ? ನಾನಾ?" ಸಿಲ್ವೆಸ್ಟರ್ ಕಾರು ಹತ್ತಿದ. "ಊರಿಗೆ ಹೋಗ್ಬೇಕು, ಊರಿಗೆ ಹೋಗ್ಬೇಕು ಅಂತಿದ್ದಿ. ಈಗ ಪೂರ್ತಿ ಹೋಗು, ಬ್ಯಾರಿ. ವಾಪಸ್ ಬರುವ ರಗಳೆಯೇ ಇಲ್ಲ."

ಒಂಬತ್ತೂ ಐದಕ್ಕೆ ಅನ್ಸಾಫ್‌ನ ಫೋನಿಗೆ ಸೂಚನೆ ಬಂತು. ಎಕ್ಸಿಟ್ ಪರ್ಮಿಟ್ ಅರ್ಜಿ ತಿರಸ್ಕೃತವಾಗಿತ್ತು.

ಸತ್ತ ಮೀನು ಮುನ್ನೂರ ನಲವತ್ತಾರು. ಅವನ್ನು ಎತ್ತಿ ಹೂಳಲು ಎರಡು ದಿನ ಬೇಕಾಯಿತು. ನೀರು ಹೊರಗೆ ಬಿಡಲು ಮೂರು ದಿನ. ನಂತರ ತಳದ ಕೆಸರನ್ನು ಬಕೆಟ್ಟಿನಲ್ಲಿ ತುಂಬಿ ಮೇಲೆ ಸಾಗಿಸಬೇಕಿತ್ತು. ಸಿಲ್ವೆಸ್ಟರ್ ತೆಗೆಸಿದ ಹೊಸ ಟಿಕೆಟ್ ಜನವರಿ ಇಪ್ಪತ್ತರದ್ದು.

ಹದಿನೆಂಟರ ಭಾನುವಾರ ಊರಿನಲ್ಲಿ ಹನ್ನೊಂದು ನಲವತ್ತಾದಾಗ ಕುವೈತಿನಲ್ಲಿ ಒಂಬತ್ತೂ ಹತ್ತು. ಹೆಂಡತಿ ಸಫೂರಾ ವಿಡಿಯೊ ಕರೆ ಮಾಡಿ ಫೋನನ್ನು ಮಸೀದಿಯ ಖತೀಬರ ಕೈಗೆ ಕೊಟ್ಟಳು. ಅನ್ಸಾಫ್ ಕೆರೆಯ ತಳದಲ್ಲಿ ನಿಂತು, ಕೈಯ ಕೆಸರನ್ನು ಅಂಗಿಗೆ ಒರೆಸಿಕೊಂಡು, ತನ್ನ ಬದಲಿಗೆ ನಿಕಾಹ್ ಮಾಡಿಕೊಡುವಂತೆ ತಮ್ಮನಿಗೆ ವಕಾಲತ್ ಕೊಟ್ಟ. ವರನ ಬಲಗೈ ಹಿಡಿದವನು ತಮ್ಮ ನೌಷಾದ್.