ಎರಡನೆಯ ಪೊಟ್ಟಣ

ನಮ್ಮ ಮೆಂಗ್‌ಡಿಂಗ್ ಬೆಟ್ಟದಲ್ಲಿ ಹಳದಿ ಚಹಾ ಮಾಡುತ್ತೇವೆಂದು ಹೇಳಿಕೊಳ್ಳುವವರಿಗೆ ಲೆಕ್ಕವಿಲ್ಲ. ನಿಜವಾಗಿ ಮಾಡುವವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಹಸಿರು ಚಹಾವನ್ನೇ ಹಳದಿ ಡಬ್ಬಿಗೆ ತುಂಬುವ ಕಳ್ಳರು. ಈ ಮಾತನ್ನು ಸಂತೆಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದವಳು ನಾನೇ. ಅದಕ್ಕೇ ಇದನ್ನು ಹೇಳುವಾಗ ಮೈ ಉರಿಯುತ್ತದೆ.

ಮನೆಯ ಹಿಂದಿನ ದಿಣ್ಣೆಯಲ್ಲಿ ಮಾವನ ನಲವತ್ತು ಗಿಡಗಳಿವೆ. ಬೀಜದಿಂದ ಹುಟ್ಟಿದವು, ಒಂದರಂತೆ ಇನ್ನೊಂದಿಲ್ಲ. ಅವನ್ನು ಕಿತ್ತು, ಇಪ್ಪತ್ತು ದಿನ ಮೊದಲೇ ಚಿಗುರುವ ಹೊಸ ತಳಿ ನೆಡಬೇಕೆಂದು ಮೈದುನ ಗ್ವಾಂಗ್‌ಲುಗೆ ಎರಡು ವರ್ಷದಿಂದ ಹಟ.

"ಅತ್ತಿಗೆ, ಊರೋರೆಲ್ಲ ಚಹಾ ಮಾರಿ ಮನೆ ಸೇರಿದ್ಮೇಲೆ ನಿಮ್ಮ ಮುದಿ ಗಿಡ ಆಕಳಿಸ್ಕೊಂಡು ಕಣ್ಣು ಬಿಡುತ್ತೆ."

"ನೀನೂ ಹತ್ತು ಗಂಟೆಗೇ ಕಣೋ ಏಳೋದು. ನಿನ್ನನ್ನ ಯಾರಾದ್ರೂ ಕಿತ್ತು ಬಿಸಾಕಿದ್ರಾ?"

ಮಾವನಿಗೆ ಎಂಬತ್ನಾಲ್ಕು. ಗಂಡ ಸತ್ತ ಮೇಲೆ ಈ ಕೆಲಸವನ್ನು ನನ್ನ ಕೈಗೆ ಕಲಿಸಿದವರು ಅವರೇ. ನಮ್ಮ ಜಗಳ ಕೇಳಿ ಕೇಳಿ ಬೇಸತ್ತು ಒಂದು ದಿನ ತೀರ್ಪು ಕೊಟ್ಟರು. "ಈ ವಸಂತದ ಮೊದಲ ಚಹಾ ನಾನು ಕುಡೀತೀನಿ. ಸರಿಯಾಗಿ ಹಳದಿ ಬಂದಿದ್ರೆ ಗಿಡ ಇರುತ್ತೆ. ಇಲ್ದಿದ್ರೆ ಅವನು ಕಿತ್ಕೊಳ್ಳಲಿ, ಸೂಲಾನ್, ನೀನು ತುಟಿ ಬಿಚ್ಚಬಾರದು."

ಹಿರಿಯರ ಸಮಾಧಿ ಗುಡಿಸುವ ಹಬ್ಬಕ್ಕೆ ಮೂರು ದಿನ ಇರುವಾಗ ಮೊಗ್ಗು ಬಿಡಿಸಿದೆ. ಬಾಣಲೆಯಲ್ಲಿ ಹುರಿದು, ಬಿಸಿ ಆರುವ ಮೊದಲೇ ಒರಟು ಕಾಗದದಲ್ಲಿ ಪೊಟ್ಟಣ ಕಟ್ಟಿ ಒಲೆಯ ಬಳಿ ಇಟ್ಟೆ. ಆ ಬೆಚ್ಚಗಿನ ಉಸಿರಲ್ಲೇ ಎಲೆ ಹಳದಿಯಾಗಬೇಕು. ಮತ್ತೆ ಹುರಿದು ಎರಡನೆಯ ಪೊಟ್ಟಣ ಕಟ್ಟಿದೆ. ಹಸಿ ಹುಲ್ಲಿನ ವಾಸನೆ ಪೂರ್ತಿ ಹೋದಾಗಲೇ ಬಿಚ್ಚಬೇಕು. ಮೊದಲೇ ಬಿಚ್ಚಿ ತಣ್ಣಗಾಯಿತೋ, ಅದು ಅತ್ತ ಹಸಿರೂ ಅಲ್ಲ, ಇತ್ತ ಹಳದಿಯೂ ಅಲ್ಲ.

ಸೌದೆ ತರಲು ಹೋಗಿ ಬರುವಷ್ಟರಲ್ಲಿ ಯಾರೋ ಪೊಟ್ಟಣ ಬಿಚ್ಚಿದ್ದರು. ಮೊಗ್ಗುಗಳು ಬಿದಿರಿನ ತಟ್ಟೆಯ ಮೇಲೆ ತಣ್ಣಗೆ ಬಿದ್ದಿದ್ದವು. ಪಕ್ಕದಲ್ಲಿ ಗ್ವಾಂಗ್‌ಲು ನಿಂತಿದ್ದ.

ಸಿಟ್ಟಿನಲ್ಲಿ ನನಗೆ ಕಣ್ಣು ಕಾಣಲಿಲ್ಲ. ಸೌದೆ ಎಸೆದು ಅವನ ಕೊರಳಪಟ್ಟಿ ಹಿಡಿದೆ. "ಮನೆಹಾಳ! ಗಿಡ ಕೀಳೋ ಆಸೆಗೆ ನನ್ನ ಬಾಯಿಗೇ ಮಣ್ಣು ಹಾಕ್ದೆಯಲ್ಲೋ!"

"ಅತ್ತಿಗೆ, ನಾನಲ್ಲ..."

"ಬಾಯಿ ಮುಚ್ಚು! ನಿನ್ನಣ್ಣ ಇದ್ದಿದ್ರೆ ನಿನ್ನ ಮೂಳೆ ಮುರೀತಿದ್ದ!"

ಅಕ್ಕಪಕ್ಕದವರೆಲ್ಲ ಅಂಗಳಕ್ಕೆ ಬಂದರು. ಅವರೆದುರೇ ಅವನನ್ನು ಕಳ್ಳ ಎಂದೆ, ಒಮ್ಮೆಯಲ್ಲ, ಬಾಯಿ ಸೋಲುವವರೆಗೆ. ಆಗ ಒಳಗಿಂದ ಮಾವ ಕೋಲೂರುತ್ತ ಬಂದರು.

"ಅವನನ್ನ್ಯಾಕೆ ಬೈತೀಯ? ಬಿಚ್ಚಿದ್ದು ನಾನು. ಮೂಸಿ ನೋಡ್ದೆ. ಹಸಿ ವಾಸನೆ ಒಂಚೂರೂ ಇರ್ಲಿಲ್ಲ. ಹದ ಮೀರಿ ಹೋಗ್ತಿತ್ತು. ನೀನೋ ಸೌದೆ ಅಂತ ಊರು ಸುತ್ತೋಕೆ ಹೋಗಿದ್ದೆ."

ನಾನು ತಟ್ಟೆಗೆ ಬಗ್ಗಿದೆ. ಹಸಿ ವಾಸನೆ ಮೂಗಿಗೆ ರಪ್ಪನೆ ಹೊಡೆಯಿತು. ಆಗ ನೆನಪಾಯಿತು: ಚಳಿಗಾಲದಲ್ಲಿ ಅನ್ನ ಸೀದು ಮನೆಯೆಲ್ಲ ಕಮರು ವಾಸನೆ ತುಂಬಿದಾಗ, ಒಲೆಯ ಪಕ್ಕದಲ್ಲೇ ಕುಳಿತಿದ್ದ ಮಾವ "ಅನ್ನ ಆಯ್ತಾ?" ಎಂದು ಕೇಳಿದ್ದರು. ಸೋಮಾರಿತನವೆಂದು ನಾನು ಗೊಣಗಿದ್ದೆ. ಅರವತ್ತು ವರ್ಷ ಈ ಬೆಟ್ಟದ ಚಹಾಕ್ಕೆಲ್ಲ ನ್ಯಾಯ ಹೇಳಿದ ಮೂಗು ಸತ್ತುಹೋಗಿತ್ತು, ಅದು ಅವರಿಗೇ ಗೊತ್ತಿರಲಿಲ್ಲ.

ಮೂರನೆಯ ಸಲ ಕಟ್ಟಿದರೂ ಎಲೆ ಹಳದಿಗೆ ತಿರುಗಲಿಲ್ಲ. ಹಬ್ಬದ ದಿನ ಮಾವ ಮುಚ್ಚಳದ ಬಟ್ಟಲಲ್ಲಿ ಕುದಿನೀರು ಹೊಯ್ಯಿಸಿಕೊಂಡು, ಕಣ್ಣು ಮುಚ್ಚಿ ಕುಡಿದರು. ಮಬ್ಬುಗಣ್ಣಿಗೆ ಬಣ್ಣ ಕಂಡಿತೋ ಇಲ್ಲವೋ.

"ಹಳದಿ," ಎಂದರು. "ನಾನು ಬಿಚ್ಚಿದ್ದಕ್ಕೆ ಉಳೀತು. ಗ್ವಾಂಗ್‌ಲು, ನೀನೂ ಕುಡಿದು ನೋಡು."

ಅವನು ಕುಡಿದ. ಒಗರು ನಾಲಗೆಗೆ ಹತ್ತಿದ್ದು ಅವನ ಮುಖದಲ್ಲೇ ಕಂಡಿತು. ಒಂದು ಮಾತು ಆಡಿದ್ದರೆ ಗಿಡಗಳು ಅವನವು. ಊರೆದುರು ಮಾನ ಕಳೆದ ನನ್ನ ಮೇಲೆ ಹಗೆಯೂ ತೀರುತ್ತಿತ್ತು. ಅವನು ನನ್ನನ್ನೇ ನೋಡಿದ.

"ನೀವೇ ಹೇಳಿ ಅತ್ತಿಗೆ. ಹಳದೀನಾ?"

ಅಲ್ಲ ಎನ್ನಬೇಕಿತ್ತು. ಸಂತೆಯಲ್ಲಿ ಕೂಗಿದ ಬಾಯಿ ಅದು.

"ಹಳದಿ," ಎಂದೆ.

ಅವನು ಬಟ್ಟಲು ಬರಿದು ಮಾಡಿ ಎದ್ದ. "ಗಿಡ ಇರ್ಲಿ ಬಿಡಪ್ಪಾ."

ಅಂದಿನಿಂದ ನನಗೆ ಅವನ ಮೇಲೆ ಹೇಳಲಾಗದ ಸಿಟ್ಟು. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ, ದಯೆ ತೋರಿಸಲು ಅವನ್ಯಾರು? ಆ ಚಹಾವನ್ನು ಯಾರಿಗೂ ಮಾರಲಿಲ್ಲ. ವರ್ಷವಿಡೀ ಒಬ್ಬಳೇ ಕುಡಿದು ಮುಗಿಸಿದೆ, ಒಂದೊಂದು ಗುಟುಕಿಗೂ ನನ್ನನ್ನೇ ಬೈದುಕೊಂಡೆ. ಅವನಲ್ಲಿ ತಪ್ಪಾಯಿತು ಎನ್ನಲು ಮಾತ್ರ ನಾಲಗೆ ಹೊರಳಲಿಲ್ಲ.

ಮರುವಸಂತ ಎರಡನೆಯ ಪೊಟ್ಟಣ ಕಟ್ಟಿ, ಅವನನ್ನು ಕರೆದು ಒಲೆಯ ಬಳಿ ಕೂರಿಸಿದೆ.

"ಕಾಯ್ತಾ ಕೂರು. ಮುಟ್ಟಿದ್ರೆ ಕೈ ಮುರೀತೀನಿ."

"ಅಪ್ಪ ಬಂದು ಬಿಚ್ಚು ಅಂದ್ರೆ?"

"ಇನ್ನೂ ಹಸಿ ವಾಸನೆ ಇದೆ ಅನ್ನು," ಎಂದೆ. "ನಿನಗೆ ಮೂಗಿದೆಯಲ್ಲ."