ಬೆಳ್ಳಿ ಕಪ್‌ನ ಎರಡು ಹಿಡಿಕೆ

ನನ್ನ ಹೆಂಡತಿ ಸೊಲಾಂಜ್ ರೋಲಾಂ ಗಾರೋಸ್ ಟೆನಿಸ್ ಪಂದ್ಯಾವಳಿಯ ಫೈನಲ್‌ನಲ್ಲಿ ಸೋತು ನಲವತ್ತು ವರ್ಷಗಳ ಮೇಲಾಗಿತ್ತು. ಆದರೂ ಮೇ ಕೊನೆಯಲ್ಲಿ ಪ್ರೇಕ್ಷಕರ ಕೂಗು ಅಂಕಣಕ್ಕೆ ಹತ್ತಿರದ ಬುಲೋನ್‌ನ ನಮ್ಮ ಮನೆಯವರೆಗೆ ತೇಲಿ ಬಂದರೆ ಸುಮ್ಮನೆ ಎದ್ದು ಕಿಟಕಿ ಮುಚ್ಚುತ್ತಿದ್ದಳು. ಅವಳನ್ನು ಸೋಲಿಸಿದವಳು ಹಂಗೆರಿಯ ಇಲ್ದಿಕೊ. ಆಟ ಬಿಟ್ಟ ಮೇಲೆ ಇಬ್ಬರೂ ಗೆಳತಿಯರಾದರು. ಹೊಸ ವರ್ಷಕ್ಕೆ ಫೋನು, ಮಕ್ಕಳ ಮದುವೆಗೆ ಹೋಗಿ ಬರುವುದು, ಎಲ್ಲ ಇತ್ತು. ಆ ಫೈನಲ್‌ನ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಈ ಸಲ ಗೆದ್ದ ಹುಡುಗಿಯ ಕೈಗೆ ಕಪ್ ಕೊಡಲು ಹಳೆಯ ಚಾಂಪಿಯನ್ ಇಲ್ದಿಕೊಳನ್ನೇ ಕರೆದಿದ್ದರು. ಹೋಟೆಲು ಬೇಡವೆಂದು ಅವಳು ನಮ್ಮಲ್ಲೇ ಇಳಿದಳು. ಫೈನಲ್ ದಿನ ಬೆಳಿಗ್ಗೆ ಸೊಲಾಂಜ್ ಕಾಫಿ ಒಯ್ದಾಗ ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಹಾಸಿಗೆಯ ಅಂಚಿನಲ್ಲಿ ಕೂತಿದ್ದಳಂತೆ.

"ಏನೇ ಇದು?"

"ನಡುಕ. ಹೋದ ವರ್ಷದಿಂದ. ಮಗಳಿಗೂ ಹೇಳಿಲ್ಲ. ಮಾತ್ರೆ ತಗೊಂಡ್ರೆ ನಿಲ್ತಿತ್ತು, ಇವತ್ತು ನಿಲ್ತಿಲ್ಲ. ಜ್ವರ ಅಂತ ಹೇಳಿಬಿಡು, ನಾನು ಬರಲ್ಲ."

"ಸುಮ್ನೆ ಕಾಫಿ ಕುಡಿ."

"ಇಡೀ ಪ್ರಪಂಚದ ಮುಂದೆ ಕಪ್ ಬೀಳಿಸ್ಲಾ?"

ಸೊಲಾಂಜ್ ಹೊರಗೆ ಹೋದಳು. ಅಡುಗೆಮನೆಯಿಂದ ನನ್ನಮ್ಮನ ಕಾಲದ, ಸೂಪ್ ಬಡಿಸುವ, ಎರಡು ಹಿಡಿಕೆಯ ಪಿಂಗಾಣಿ ಬೋಗುಣಿ ಹಿಡಿದು ಬಂದಳು. "ಆ ಕಡೆ ಹಿಡಿಕೆ ನೀನು ಹಿಡಿ, ಈ ಕಡೇದು ನಾನು."

ಇಬ್ಬರು ಮುದುಕಿಯರು ನಡುಮನೆಯ ಉದ್ದಕ್ಕೂ ನಡೆದರು. ನಾನು ಸೋಫಾದಲ್ಲಿ ಕೂತು ಚಪ್ಪಾಳೆ ತಟ್ಟಿದೆ.

"ನಿಧಾನ ಕಣೇ! ಅವತ್ತೂ ಹಿಂಗೇ ಓಡಾಡ್ಸಿ ಓಡಾಡ್ಸಿ ನನ್ನ ಉಸಿರು ಕಿತ್ತೆ," ಎಂದಳು ಸೊಲಾಂಜ್.

ಇಲ್ದಿಕೊ ಬೆರಗಾಗಿ ಅವಳ ಮುಖ ನೋಡಿದಳು. ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ಬೋಗುಣಿ ನೆಲಕ್ಕೆ ಬಿದ್ದು ಚೂರುಚೂರಾಯಿತು.

"ಹೋಗ್ಲಿ ಬಿಡಿ, ಅಮ್ಮ ಇನ್ನು ಕೇಳೋಕೆ ಬರಲ್ಲ," ಎಂದೆ.

"ಬೆಳ್ಳಿ ಕಪ್ ಒಡೆಯಲ್ಲ. ನಡಿ, ಇನ್ನು ಹೊರಡು," ಎಂದಳು ಸೊಲಾಂಜ್.

ಅಂಕಣದ ಬಾಗಿಲಲ್ಲಿ ಟೈ ಕಟ್ಟಿದ ಅಧಿಕಾರಿಯೊಬ್ಬ ತಡೆದ. "ಕ್ಷಮಿಸಿ ಮದಾಮ್, ಚಾಂಪಿಯನ್ ಆದವರು ಮಾತ್ರ ಒಳಗೆ ಹೋಗ್ಬೇಕು. ನೀವು?"

"ನಾನು ಇವಳ ಕೈಲಿ ಸೋತೋಳಪ್ಪ." ಆ ಮಾತನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. "ಇವತ್ತು ಇವಳದೊಂದು ಕೈ ನಾನೇ."

ಆತ ಇಲ್ದಿಕೊಳ ಬೆರಳುಗಳನ್ನು ನೋಡಿದ. ಪಕ್ಕಕ್ಕೆ ಸರಿದ.

ಕೆಂಪು ಮಣ್ಣಿನ ಮೇಲೆ ಇಬ್ಬರೂ ಒಂದೊಂದು ಹಿಡಿಕೆ ಹಿಡಿದು ನಡೆದರು. ಕಪ್ ಅದುರುತ್ತಿದ್ದದ್ದು ನಾನು ಕೂತಲ್ಲಿಗೂ ಕಾಣುತ್ತಿತ್ತು. ಗೆದ್ದವಳು ಇನ್ನೂ ಇಪ್ಪತ್ತು ತುಂಬದ ಹುಡುಗಿ, ಅತ್ತು ಅತ್ತು ಮೂಗು ಕೆಂಪಾಗಿತ್ತು. ಅವಳು ಕಪ್ಪನ್ನು ತಟ್ಟನೆ ತೆಗೆದುಕೊಳ್ಳಲಿಲ್ಲ. ಇಬ್ಬರ ಕೈಗಳ ಮೇಲೂ ತನ್ನ ಕೈಗಳನ್ನಿಟ್ಟು, ನಡುಕ ತಗ್ಗುವ ತನಕ ಹಾಗೇ ನಿಂತಳು. ಆಮೇಲೆ ಮೂವರೂ ಸೇರಿ ಎತ್ತಿದರು. ಜನ ಎದ್ದು ನಿಂತಿದ್ದರು. ನನಗೆ ಮುಂದಿನದು ಕಾಣಲಿಲ್ಲ, ಕಣ್ಣು ಮಂಜಾಗಿತ್ತು.

"ಭಾರ ಇತ್ತೇನೇ?" ಎಂದು ಅಂಕಣದಿಂದ ಹೊರಗೆ ಬರುವಾಗ ಇಲ್ದಿಕೊ ಕೇಳಿದಳಂತೆ.

"ಅಷ್ಟೇನಿಲ್ಲ. ಇಷ್ಟೇ ಅಂತ ಗೊತ್ತಿದ್ರೆ ಅವತ್ತು ಅಷ್ಟೊಂದು ಅಳ್ತಿರ್ಲಿಲ್ಲ."

ಸಂಜೆ ಬುಡಾಪೆಸ್ಟ್‌ನಿಂದ ಇಲ್ದಿಕೊಳ ಮಗಳ ಫೋನು ಬಂತು. ಟಿವಿಯಲ್ಲಿ ಎಲ್ಲವನ್ನೂ ನೋಡಿದ್ದಳು. ಇಲ್ದಿಕೊಳ ಕಿವಿಗೆ ಫೋನು ಹಿಡಿದು ಸೊಲಾಂಜ್ ಪಕ್ಕದಲ್ಲೇ ಕೂತಳು. ಅವರ ಭಾಷೆ ನಮಗೆ ಬಾರದು. ಇಲ್ದಿಕೊ ಬಹಳ ಹೊತ್ತು ಮಾತಾಡಿದಳು, ಅತ್ತಳು, ಕೊನೆಗೆ ನಕ್ಕಳು.

"ನಾಳೆ ಬರ್ತಾಳಂತೆ. ಮುಚ್ಚಿಟ್ಟಿದ್ದಕ್ಕೆ ಎದುರಿಗೇ ಬೈಬೇಕಂತೆ."

"ಬರ್ಲಿ," ಎಂದಳು ಸೊಲಾಂಜ್. "ಅವಳೂ ನಾನೂ ಸೇರಿ ಬೈತೀವಿ."